ಇಸ್ರೇಲಿನ ಹಿತ್ತಲಲ್ಲಿ ಟೊಮೆಟೊ ಪಕ್ಕ ಮೂಲಂಗಿ ಹಾಕಬಹುದಾ?

ಪ್ರಶ್ನೆ: ಯಹೂದಿಗಳು ಒಂದೇ ಪಾತಿಯಲ್ಲಿ ಎರಡು ಬಗೆಯ ತರಕಾರಿ ಬೆಳೆಯಬಾರದಂತೆ. ಹಾಗಾದ್ರೆ ಚಿಕ್ಕ ಹಿತ್ತಲು ಇರೋರು ಏನು ಮಾಡ್ತಾರೆ?

ಉತ್ತರ: ಎಲ್ಲವನ್ನೂ ಬೆಳೀತಾರೆ, ಒಂದಕ್ಕೊಂದು ಬೆರೆಯದ ಹಾಗೆ ನಡುವೆ ಜಾಗ ಬಿಟ್ಟು. ಈ ನಿಯಮದ ಹೆಸರು ಕಿಲಾಯಿಮ್. ಹೊಲದಲ್ಲಿ ಎರಡು ಬಗೆಯ ಬೀಜ ಬಿತ್ತಬಾರದು ಎಂಬ ಮಾತು ಅವರ ಧರ್ಮಗ್ರಂಥ ತೋರಾದ ಯಾಜಕಕಾಂಡದಲ್ಲಿದೆ (19:19). ಯಾಕೆ ಅಂತ ಅಲ್ಲಿ ಹೇಳಿಲ್ಲ. ಹೇಗೆ ಅನ್ನೋದನ್ನು ಮಾತ್ರ ಸುಮಾರು 1,800 ವರ್ಷ ಹಿಂದಿನ ಮಿಷ್ನಾ ಎಂಬ ಯಹೂದಿ ನಿಯಮಗಳ ಸಂಗ್ರಹ ಒಂಬತ್ತು ಅಧ್ಯಾಯಗಳಲ್ಲಿ ಅಳೆದು ಕೊಟ್ಟಿದೆ.

ಅಲ್ಲಿನ ಅಳತೆ ಮುಷ್ಟಿಯ ಅಗಲ, ಅಂದರೆ 8ರಿಂದ 10 ಸೆಂ.ಮೀ. ಉದ್ದ ಆರು ಮುಷ್ಟಿ, ಅಗಲ ಆರು ಮುಷ್ಟಿ ಇರುವ ಪಾತಿಯಲ್ಲಿ ಐದು ಬಗೆಯ ತರಕಾರಿ ಹಾಕಬಹುದು: ನಾಲ್ಕು ಬದಿಗೆ ನಾಲ್ಕು, ನಡುವೆ ಒಂದು. ಅರ್ಧ ಮೀಟರ್ ಜಾಗದಲ್ಲಿ ಐದು! ಎರಡು ವಿಷಯ ನೋಡುತ್ತಾರೆ: ಒಂದರ ಬೇರು ಇನ್ನೊಂದರ ಸಾರ ಹೀರಬಾರದು, ಕಣ್ಣಿಗೆ ಕಲಸುಮೇಲೋಗರ ಕಾಣಬಾರದು. ಸಾಸಿವೆಗೆ ಈ ಪಾತಿಯಲ್ಲಿ ಜಾಗವಿಲ್ಲ, ಅದು ತರಕಾರಿಯಲ್ಲ, ಕಾಳಿನ ಲೆಕ್ಕ. ತಳದಲ್ಲಿ ತೂತಿರುವ ಕುಂಡವನ್ನೂ ನೆಲ ಅಂತಲೇ ಎಣಿಸುತ್ತಾರೆ.

ಬರೀ ಅಂದಕ್ಕೆ ಬೆಳೆಯುವ ಹೂಗಿಡಗಳಿಗೆ ಈ ತಲೆನೋವಿಲ್ಲ. ದಾಳಿಂಬೆ ಪಕ್ಕ ನಿಂಬೆ, ಅದರ ಬುಡದಲ್ಲಿ ಸೊಪ್ಪು, ಅದೂ ಸರಿ. ದ್ರಾಕ್ಷಿ ಬಂದರೆ ಕಥೆ ಬೇರೆ. ಒಂಟಿ ಬಳ್ಳಿಗೂ ತರಕಾರಿಗೂ ನಡುವೆ ಆರು ಮುಷ್ಟಿ ಬಿಡಬೇಕು, ದ್ರಾಕ್ಷಿ ತೋಟವಾದರೆ ಇನ್ನೂ ಜಾಸ್ತಿ. ತರಕಾರಿಗಳನ್ನು ಬೆರೆಸಿ ಬೆಳೆದದ್ದು ತಪ್ಪಾದರೂ ಫಸಲನ್ನು ತಿನ್ನಬಹುದು. ದ್ರಾಕ್ಷಿ ಜೊತೆ ಬೆರೆತದ್ದನ್ನು ತಿನ್ನೋ ಹಾಗೂ ಇಲ್ಲ, ಮಾರೋ ಹಾಗೂ ಇಲ್ಲ.

ನನಗೆ ತುಂಬ ಇಷ್ಟವಾದದ್ದು ತಪಾಸಣೆಯ ಕಥೆ. ಯೆರೂಸಲೇಮಿನ ದೇವಾಲಯವಿದ್ದ ಕಾಲದಲ್ಲಿ ಅದಾರ್ ತಿಂಗಳ (ಫೆಬ್ರವರಿ–ಮಾರ್ಚ್ ಹೊತ್ತಿನ ಯಹೂದಿ ತಿಂಗಳು) ಮೊದಲ ದಿನ ನ್ಯಾಯಸಭೆಯವರು ಇದರ ಬಗ್ಗೆ ಸಾರುತ್ತಿದ್ದರು, 15ಕ್ಕೆ ಹೊಲ ನೋಡಲು ಹೊರಡುತ್ತಿದ್ದರು. ಬೆರೆತ ಗಿಡ ಕಿತ್ತು ಅಲ್ಲೇ ದನಗಳ ಮುಂದೆ ಹಾಕುತ್ತಿದ್ದರು. ಮಾಲೀಕರಿಗೆ ಖುಷಿಯೋ ಖುಷಿ: ಪುಕ್ಕಟೆ ಕಳೆ ಕೀಳಿಸಿದ ಹಾಗೂ ಆಯ್ತು, ದನಕ್ಕೆ ಮೇವೂ ಆಯ್ತು ಎನ್ನುತ್ತದೆ ಮಿಷ್ನಾವನ್ನು ಚರ್ಚಿಸುವ ಗ್ರಂಥ ತಾಲ್ಮುದ್. ಆಮೇಲೆ ಕಿತ್ತದ್ದನ್ನು ದಾರಿಗೆ ಎಸೆಯತೊಡಗಿದರು. ಕಳೆ ಹೋಯ್ತಲ್ಲ ಅಂತ ಆಗಲೂ ಖುಷಿಯೇ! ಕೊನೆಗೆ ಇಡೀ ಹೊಲವೇ ವಾರಸುದಾರರಿಲ್ಲದ್ದು ಎಂದು ಘೋಷಿಸುವ ನಿಯಮ ತಂದರು.

ತರಕಾರಿ, ಕಾಳುಗಳ ಈ ನಿಯಮ ಇಸ್ರೇಲಿನ ನೆಲಕ್ಕೆ ಮಾತ್ರ. ನಮ್ಮಲ್ಲಿ ಒಬ್ಬ ಯಹೂದಿ ರಾಗಿ ನಡುವೆ ಅವರೆಯ ಅಕ್ಕಡಿ ಸಾಲು ಹಾಕಿದರೆ ಯಾರೂ ಬೇಡ ಅನ್ನಲ್ಲ. ಆದರೆ ಒಂದು ಜಾತಿಯ ಹಣ್ಣಿನ ಮರಕ್ಕೆ ಇನ್ನೊಂದು ಜಾತಿಯ ಕಸಿ ಕಟ್ಟೋದು ಅವನಿಗೆ ಎಲ್ಲಿದ್ದರೂ ನಿಷಿದ್ಧ.