ಹೆರಿಗೆ ಕೋಣೆಯಲ್ಲಿ ಕಣ್ಣಂದಾಜು ಸಾಲದು

ಮಗು ಹೊರಗೆ ಬಂತು, ಅತ್ತಿತು, ಹೊಕ್ಕುಳ ಬಳ್ಳಿ ಕತ್ತರಿಸಿದ್ದೂ ಆಯಿತು. ಬಾಗಿಲ ಹೊರಗೆ ಕಾಯುತ್ತಿರುವವರ ಪಾಲಿಗೆ ಹೆರಿಗೆ ಮುಗಿಯಿತು. ಒಳಗಿರುವ ಸಿಸ್ಟರ್ ಪಾಲಿಗೆ ಇನ್ನೂ ಮುಗಿದಿಲ್ಲ. ಮಾಸು ಬೀಳಬೇಕು. ಬಿದ್ದ ಮೇಲೆ ರಕ್ತ ನಿಲ್ಲಬೇಕು. ತಾಯಿಯ ಜೀವಕ್ಕೆ ಹೆಚ್ಚು ಅಪಾಯ ಇರುವ ಹೊತ್ತುಗಳಲ್ಲಿ ಇದೂ ಒಂದು.

ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹರಿಯುತ್ತದೆ. ಮಾಸು ಬಿಟ್ಟುಬಂದ ಜಾಗದಲ್ಲಿ ರಕ್ತನಾಳಗಳು ಬಾಯಿ ತೆರೆದುಕೊಂಡೇ ಇರುತ್ತವೆ. ಕೈ ಕೊಯ್ದುಕೊಂಡಾಗ ರಕ್ತ ಹೆಪ್ಪುಗಟ್ಟಿ ನಿಲ್ಲುತ್ತದಲ್ಲ, ಇಲ್ಲಿ ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ. ಮುಖ್ಯ ಕೆಲಸ ಮಾಡುವುದು ಸ್ನಾಯು. ಗರ್ಭಕೋಶದ ಸ್ನಾಯುವಿನ ಎಳೆಗಳು ಒಂದಕ್ಕೊಂದು ಅಡ್ಡಡ್ಡವಾಗಿ ಹೆಣೆದುಕೊಂಡಿರುತ್ತವೆ. ರಕ್ತನಾಳಗಳು ಆ ಎಳೆಗಳ ನಡುವೆಯೇ ಹಾದುಹೋಗುತ್ತವೆ. ಗರ್ಭಕೋಶ ಬಿಗಿಯಾಗಿ ಮುದುಡಿದರೆ ಎಳೆಗಳು ನಾಳಗಳನ್ನು ಹಿಂಡಿ ಮುಚ್ಚುತ್ತವೆ. ಮುದುಡದೆ ಮೆತ್ತಗೆ ಉಳಿದರೆ ರಕ್ತ ಹೋಗುತ್ತಲೇ ಇರುತ್ತದೆ. ಅಲ್ಲಿಯವರೆಗೆ ಗಟ್ಟಿಮುಟ್ಟಾಗಿದ್ದ ಹೆಂಗಸೂ ಎರಡು ಗಂಟೆಯೊಳಗೆ ಸಾಯಬಹುದು. ಹೆರಿಗೆಯ ನಂತರದ ರಕ್ತಸ್ರಾವದಿಂದ ಪ್ರತಿ ವರ್ಷ ಸುಮಾರು 45,000 ತಾಯಂದಿರು ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇದಕ್ಕೆ ಔಷಧವೇ ಇಲ್ಲ ಅಂತಲ್ಲ. ಎಷ್ಟೋ ಕಡೆ ಔಷಧ ಪಕ್ಕದ ಕಪಾಟಿನಲ್ಲೇ ಇರುತ್ತದೆ. ತೊಡಕು ಅದಕ್ಕಿಂತ ಒಂದು ಹೆಜ್ಜೆ ಹಿಂದೆ ಇದೆ. ಎಷ್ಟು ರಕ್ತ ಹೋಯಿತು ಅನ್ನುವುದು ಹೊತ್ತಿಗೆ ಸರಿಯಾಗಿ ಗೊತ್ತಾಗುವುದಿಲ್ಲ.

ಪುಸ್ತಕದ ಪ್ರಕಾರ 500 ಮಿ.ಲೀ. ದಾಟಿದರೆ ಅದು ಅತಿ ರಕ್ತಸ್ರಾವ. ಆದರೆ 500 ಮಿ.ಲೀ. ಆಯಿತು ಅಂತ ತಿಳಿಯುವುದು ಹೇಗೆ? ರಕ್ತ ಹಾಸಿಗೆ ಬಟ್ಟೆಗೆ ಇಂಗುತ್ತದೆ, ಹತ್ತಿಯಲ್ಲಿ ಸೇರುತ್ತದೆ, ನೆಲಕ್ಕೆ ತೊಟ್ಟಿಕ್ಕುತ್ತದೆ. ಗರ್ಭದ ನೀರು, ಮೂತ್ರ ಎಲ್ಲ ಬೆರೆತಿರುತ್ತದೆ. ಮೇಲಾಗಿ, ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋಗುವುದು ಸಹಜ. ದಿನಾ ಅದನ್ನೇ ನೋಡುವ ಕಣ್ಣು ಅದಕ್ಕೆ ಒಗ್ಗಿಹೋಗಿರುತ್ತದೆ. ಧಾರಾಕಾರ ಸುರಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಸಣ್ಣಗೆ, ಒಂದೇ ಸಮ ಹೋಗುತ್ತಿದ್ದರೆ "ಪರವಾಗಿಲ್ಲ, ನಿಲ್ಲುತ್ತೆ" ಅನ್ನಿಸುತ್ತದೆ.

ಈ ಕಣ್ಣಂದಾಜು ಎಷ್ಟು ತಪ್ಪುತ್ತದೆ ಎಂದು ಅಳೆದು ತೋರಿಸಿದ ಅಧ್ಯಯನಗಳಲ್ಲಿ ಒಂದು ನಮ್ಮ ಬೆಳಗಾವಿಯದು. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ರೂಪಿಸಿದ್ದರು. ಮಗು ಹುಟ್ಟಿದ ಕೂಡಲೇ ಅದನ್ನು ತಾಯಿಯ ಸೊಂಟದ ಕೆಳಗೆ ಹಾಸಬೇಕು. ಮೇಲಿನ ದಾರಗಳನ್ನು ಹೊಟ್ಟೆಯ ಸುತ್ತ ಕಟ್ಟಬೇಕು. ಕೆಳಗಿನ ತುದಿ ಆಲಿಕೆಯಂತೆ ಕಿರಿದಾಗಿ ಚೀಲವಾಗಿ ಇಳಿಬಿದ್ದಿರುತ್ತದೆ. ಚೀಲದ ಮೇಲೆ ಅಳತೆಯ ಗೆರೆಗಳು. ಹೋದ ರಕ್ತವೆಲ್ಲ ಅಲ್ಲಿ ಸೇರುತ್ತದೆ, ಗೆರೆ ನೋಡಿದರೆ ಲೆಕ್ಕ ಸಿಗುತ್ತದೆ. 2006ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಕಣ್ಣಂದಾಜಿನ ಲೆಕ್ಕ ಈ ಚೀಲದ ಲೆಕ್ಕಕ್ಕಿಂತ ಶೇ. 33ರಷ್ಟು ಕಡಿಮೆ ಬಂತು.

ಆ ಚೀಲ ಬೇಕಾಗಿದ್ದು ಇನ್ನೊಂದು ದೊಡ್ಡ ಪ್ರಯೋಗಕ್ಕೆ. ಅದರ ಕಥೆ ಕರ್ನಾಟಕದಲ್ಲೇ ಹೆಚ್ಚು ಜನರಿಗೆ ಗೊತ್ತಿಲ್ಲದಿರುವುದು ಬೇಸರದ ವಿಷಯ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳ ಮೇಲೆ ಅದು ನಡೆಯಿತು. ಹೆರಿಗೆ ಮಾಡಿಸಿದವರು ಡಾಕ್ಟರುಗಳಲ್ಲ, ಎಎನ್‌ಎಂ ಸಿಸ್ಟರುಗಳು. ಮನೆಯಲ್ಲಿ, ಉಪಕೇಂದ್ರದಲ್ಲಿ, ಎಲ್ಲಿ ಹೆರಿಗೆಯೋ ಅಲ್ಲಿ. ಅರ್ಧದಷ್ಟು ತಾಯಂದಿರಿಗೆ ಮಗು ಹುಟ್ಟಿದ ಮೇಲೆ ಗರ್ಭಕೋಶ ಮುದುಡಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು, ಉಳಿದವರಿಗೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ. ಯಾವುದು ಯಾವುದೆಂದು ಕೊಟ್ಟವರಿಗೂ ಗೊತ್ತಿರಲಿಲ್ಲ. ಖಾಲಿ ಮಾತ್ರೆ ನುಂಗಿದವರಲ್ಲಿ ಶೇ. 12 ಮಂದಿಗೆ ಅತಿ ರಕ್ತಸ್ರಾವವಾಯಿತು. ನಿಜವಾದ ಮಾತ್ರೆ ನುಂಗಿದವರಲ್ಲಿ ಶೇ. 6.4. ಅಂದರೆ 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರಿಗೆ ಅತಿ ರಕ್ತಸ್ರಾವ ತಪ್ಪುತ್ತದೆ. ಫ್ರಿಜ್ ಬೇಡ, ಸೂಜಿ ಬೇಡ. ಕರೆಂಟು ನೆಚ್ಚುವ ಹಾಗಿಲ್ಲದ ಹಳ್ಳಿಗೆ ಇದು ಸಣ್ಣ ಲಾಭವಲ್ಲ.

ಇಷ್ಟಾದ ಮೇಲೆ ಯಾರಿಗಾದರೂ ಅನ್ನಿಸುವುದು ಸಹಜ: ಎಲ್ಲ ಆಸ್ಪತ್ರೆಗೂ ಆ ಅಳತೆ ಚೀಲ ಕೊಟ್ಟುಬಿಟ್ಟರೆ ಆಯಿತಲ್ಲ? ಯುರೋಪಿನ 13 ದೇಶಗಳ ಆಸ್ಪತ್ರೆಗಳಲ್ಲಿ ಇದನ್ನೇ ಪರೀಕ್ಷಿಸಿದರು. 25,000ಕ್ಕೂ ಹೆಚ್ಚು ಹೆರಿಗೆಗಳು. 2010ರಲ್ಲಿ ಫಲಿತಾಂಶ ಬಂತು. ಚೀಲ ಬಳಸಿದ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ ಶೇ. 1.71, ಬಳಸದ ಕಡೆ ಶೇ. 2.06. ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು, ಹಾಗಾಗಿ ಚೀಲದಿಂದ ಉಪಯೋಗವಾಯಿತು ಅನ್ನಲು ಆಗಲಿಲ್ಲ. ತಕ್ಕಡಿ ಕೊಂಡುತಂದ ಮಾತ್ರಕ್ಕೆ ಮೈ ತೂಕ ಇಳಿಯುವುದಿಲ್ಲ ಅಲ್ವಾ. ಸಂಖ್ಯೆ ಕಂಡ ಮೇಲೆ ಯಾರು, ಏನು, ಎಷ್ಟು ಬೇಗ ಮಾಡಬೇಕು ಅನ್ನುವುದು ತೀರ್ಮಾನ ಆಗಿರದಿದ್ದರೆ ಸಂಖ್ಯೆ ಸುಮ್ನೆ ಕೇಸ್ ಶೀಟಿನಲ್ಲಿ ಉಳಿಯುತ್ತದೆ.

ನನ್ನ ಮಟ್ಟಿಗೆ, ಮುಂದೆ ಬಂದ ದೊಡ್ಡ ಗೆಲುವನ್ನು ಅರ್ಥ ಮಾಡಿಕೊಳ್ಳಲು ಈ ಸೋಲು ಬೇಕೇ ಬೇಕು.

ಗೆಲುವಿನ ಹೆಸರು ಇ-ಮೋಟಿವ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳನ್ನು ಆರಿಸಿಕೊಂಡರು. ಎರಡು ಲಕ್ಷಕ್ಕೂ ಹೆಚ್ಚು ಸಹಜ ಹೆರಿಗೆಗಳು ಇದರಲ್ಲಿ ಸೇರಿದವು. ಫಲಿತಾಂಶ 2023ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಇಲ್ಲಿ ಒಂದು ಜಾಣತನ ಇದೆ. ಎರಡೂ ಗುಂಪಿನ ಆಸ್ಪತ್ರೆಗಳಿಗೆ ಪ್ಲಾಸ್ಟಿಕ್ ಹಾಳೆ ಕೊಟ್ಟಿದ್ದರು. ಒಂದು ಗುಂಪಿನ ಹಾಳೆಯ ಮೇಲೆ ಗೆರೆಗಳಿದ್ದವು, ಇನ್ನೊಂದರ ಮೇಲೆ ಇರಲಿಲ್ಲ. ಗೆರೆಯಿಲ್ಲದ ಕಡೆಯೂ ರಕ್ತವನ್ನು ಆಮೇಲೆ ತೂಗಿ ಲೆಕ್ಕ ಇಟ್ಟರು, ಆದರೆ ಹೆರಿಗೆ ಮಾಡಿಸುವವರು ಎಂದಿನಂತೆ ಅಂದಾಜಿನ ಮೇಲೇ ನಡೆಯಬೇಕಿತ್ತು. ಹಾಗಾಗಿ ಎರಡೂ ಕಡೆ ಹೋದ ರಕ್ತದ ಲೆಕ್ಕ ನ್ಯಾಯವಾಗಿ ಸಿಕ್ಕಿತು.

ಗೆರೆ ಇದ್ದ ಕಡೆ ಕೆಲಸದ ಕ್ರಮವೂ ಬದಲಾಯಿತು. ಮೊದಲ ಒಂದು ಗಂಟೆ, ಪ್ರತಿ 15 ನಿಮಿಷಕ್ಕೊಮ್ಮೆ ಸಿಸ್ಟರ್ ಬಂದು ಚೀಲ ನೋಡಬೇಕು, ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ನೋಡಬೇಕು. ಗೆರೆ ದಾಟಿದರೆ ಐದು ಕೆಲಸ ಒಟ್ಟಿಗೆ ಶುರು. ಹೊಟ್ಟೆಯ ಮೇಲಿಂದ ಗರ್ಭಕೋಶ ತಿಕ್ಕುವುದು. ಅದನ್ನು ಮುದುಡಿಸುವ ಇಂಜೆಕ್ಷನ್. ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್. ಡ್ರಿಪ್. ಎಲ್ಲಾದರೂ ಹರಿದಿದೆಯೇ, ಮಾಸಿನ ಚೂರು ಒಳಗೆ ಉಳಿದಿದೆಯೇ ಎಂದು ಪರೀಕ್ಷೆ. ಇಷ್ಟಕ್ಕೂ ನಿಲ್ಲದಿದ್ದರೆ ದೊಡ್ಡ ಡಾಕ್ಟರನ್ನು ಕರೆಯುವುದು.

ಇವುಗಳಲ್ಲಿ ಹೊಸದು ಒಂದೂ ಇಲ್ಲ. ಇವನ್ನೆಲ್ಲ ಒಂದಾದ ಮೇಲೊಂದು ಮಾಡುವುದು ಹಳೆಯ ರೂಢಿ. ಒಂದನ್ನು ಮಾಡಿ ಕಾಯುವುದು, ಆಗದಿದ್ದರೆ ಇನ್ನೊಂದು. ಹಾಗೆ ಕಾಯುತ್ತಾ ಹೋದ ನಿಮಿಷಗಳೇ ಜೀವ ತೆಗೆಯುತ್ತಿದ್ದವು. ಜೊತೆಗೆ, ಬೇಕಾದ ಸಾಮಾನೆಲ್ಲ ಒಂದೇ ಟ್ರಾಲಿಯಲ್ಲಿ ಸಿದ್ಧ ಇರುವಂತೆ ಮಾಡಿದರು. ಬೀಗದ ಕೈ ಯಾರ ಹತ್ತಿರ ಇದೆ ಎಂದು ರಾತ್ರಿ ಎರಡು ಗಂಟೆಗೆ ಹುಡುಕುವ ಪಾಡು ಗೊತ್ತಿದ್ದವರಿಗೆ ಟ್ರಾಲಿಯ ಬೆಲೆ ಗೊತ್ತು.

ಫಲಿತಾಂಶ ನೋಡಿ. ಹಳೆಯ ಕ್ರಮ ಇದ್ದ ಆಸ್ಪತ್ರೆಗಳಲ್ಲಿ ಅತಿ ರಕ್ತಸ್ರಾವವಾದ ತಾಯಂದಿರಲ್ಲಿ ಶೇ. 51 ಮಂದಿಯನ್ನು ಮಾತ್ರ ಗುರುತಿಸಿದ್ದರು. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೊಸ ಕ್ರಮದಲ್ಲಿ ಶೇ. 93 ಮಂದಿ ಸಿಕ್ಕರು. ಒಂದು ಲೀಟರಿಗೂ ಹೆಚ್ಚು ರಕ್ತ ಹೋಗುವುದು, ರಕ್ತ ನಿಲ್ಲಿಸಲು ಹೊಟ್ಟೆ ತೆರೆಯಬೇಕಾಗುವುದು, ಇಲ್ಲವೇ ಸಾವು, ಈ ಮೂರನ್ನೂ ಒಟ್ಟು ಹಾಕಿದರೆ ಶೇ. 4.3ರಿಂದ ಶೇ. 1.6ಕ್ಕೆ ಇಳಿಯಿತು. ಶೇ. 60ರಷ್ಟು ಇಳಿಕೆ. ವೈದ್ಯಕೀಯದಲ್ಲಿ ಇಷ್ಟು ದೊಡ್ಡ ಇಳಿಕೆ ಅಪರೂಪ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಈ ಇಳಿಕೆಯಲ್ಲಿ ದೊಡ್ಡ ಪಾಲು ಲೀಟರ್ ದಾಟುವ ರಕ್ತಸ್ರಾವದ್ದು. ಸಾವುಗಳನ್ನಷ್ಟೇ ಬೇರೆ ತೆಗೆದು ನೋಡಿದರೆ ಸಂಖ್ಯೆ ಚಿಕ್ಕದು, ಖಚಿತವಾಗಿ ಹೇಳಲು ಸಾಲದು.

ಬೇಗ ಶುರು ಮಾಡಿದರೆ ಯಾಕೆ ಇಷ್ಟು ವ್ಯತ್ಯಾಸ? ಟ್ರಾನೆಕ್ಸಾಮಿಕ್ ಆಸಿಡ್ ಒಳ್ಳೆಯ ಉದಾಹರಣೆ. ಇದನ್ನು ಕಂಡುಹಿಡಿದವರು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಗಂಡ ಶೋಸುಕೆ. ಅದು 1962ರ ಮಾತು. ಹೆರಿಗೆಯ ರಕ್ತಸ್ರಾವಕ್ಕೆ ಇದು ಆಗುತ್ತದೆ ಅಂತ ಉಟಾಕೊಗೆ ಅನ್ನಿಸಿತ್ತು, ಆದರೆ ಪರೀಕ್ಷಿಸಿ ನೋಡಲು ಅಲ್ಲಿನ ಹೆರಿಗೆ ಡಾಕ್ಟರುಗಳು ಒಪ್ಪಲಿಲ್ಲ. ಕೊನೆಗೆ 21 ದೇಶಗಳ 20,000 ತಾಯಂದಿರ ಮೇಲೆ ಪ್ರಯೋಗ ನಡೆದು 2017ರಲ್ಲಿ ಫಲಿತಾಂಶ ಬಂದಾಗ ಆಕೆ ತೀರಿಕೊಂಡು ಒಂದು ವರ್ಷವಾಗಿತ್ತು. ರಕ್ತಸ್ರಾವದಿಂದಾಗುವ ಸಾವು ಶೇ. 1.9ರಿಂದ 1.5ಕ್ಕೆ ಇಳಿದಿತ್ತು, ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟವರಲ್ಲಿ ಶೇ. 1.7ರಿಂದ 1.2ಕ್ಕೆ. ಮೂರು ಗಂಟೆ ಮೀರಿದರೆ ಉಪಯೋಗವಿಲ್ಲ. ಮುಂದಿನ ಲೆಕ್ಕಾಚಾರದಲ್ಲಿ, 15 ನಿಮಿಷ ತಡವಾದ ಹಾಗೆಲ್ಲ ಲಾಭ ಶೇ. 10ರಷ್ಟು ಕರಗುತ್ತದೆ ಎಂದು ಕಂಡುಬಂತು. ಪ್ರತಿ ಕಾಲು ಗಂಟೆಗೊಮ್ಮೆ ಚೀಲ ನೋಡಬೇಕು ಅನ್ನುವ ನಿಯಮದ ಬೆಲೆ ಇದರಿಂದ ತಿಳಿಯುತ್ತದೆ.

ಗರ್ಭಕೋಶ ಮುದುಡಿಸುವ ಆಕ್ಸಿಟೋಸಿನ್ ಕಥೆ ಬೇರೆ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬಿಸಿಲಿನಲ್ಲಿ ಕೂತರೆ ಶಕ್ತಿ ಕಳೆದುಕೊಳ್ಳುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ನಮ್ಮಲ್ಲಿ ಇದನ್ನು ಹಾಲು ಇಳಿಸಲು ಎಮ್ಮೆ ಹಸುಗಳಿಗೆ ಚುಚ್ಚುವ ದಂಧೆಯೂ ಇದೆ. ಅದನ್ನು ತಡೆಯಲೆಂದು 2018ರಲ್ಲಿ ಕೇಂದ್ರ ಸರಕಾರ ಖಾಸಗಿ ಕಂಪನಿಗಳ ತಯಾರಿಕೆ ನಿಲ್ಲಿಸಿ, ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಎಂಬ ಸರಕಾರಿ ಕಂಪನಿಗೆ ಮಾತ್ರ ಬಿಡಲು ಹೊರಟಿತು. ಆ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೊಟ್ಟಿಗೆಯ ಕಾಯಿಲೆಗೆ ಹೆರಿಗೆ ಕೋಣೆಗೆ ಮದ್ದು ಹಾಕಲು ಹೋದ ಹಾಗಾಗಿತ್ತು. ಅದೇ 2018ರಲ್ಲಿ, ಬಿಸಿಲು ತಡೆಯುವ ಕಾರ್ಬೆಟೋಸಿನ್ ಎಂಬ ಇಂಜೆಕ್ಷನ್ ಭಾರತವೂ ಸೇರಿ 10 ದೇಶಗಳ ಸುಮಾರು 30,000 ತಾಯಂದಿರಲ್ಲಿ ಆಕ್ಸಿಟೋಸಿನ್‌ಗೆ ಸಮ ಎಂದು ಸಾಬೀತಾಯಿತು. ಅದು ರಕ್ತಸ್ರಾವ ಬಾರದಂತೆ ಮೊದಲೇ ಕೊಡುವ ಮದ್ದು.

ಔಷಧ ಇದ್ದರಷ್ಟೇ ಸಾಲದು, ಅದು ಸರಿ ಇರಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡು, ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆಯೇ ಸಂಶಯ ಬಂದದ್ದು ನೆನಪಿದೆಯಲ್ಲ.

2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಹೆರಿಗೆ ವೈದ್ಯರ, ಸೂಲಗಿತ್ತಿಯರ ಅಂತರರಾಷ್ಟ್ರೀಯ ಒಕ್ಕೂಟಗಳು ಸೇರಿ ಹೊಸ ಮಾರ್ಗಸೂಚಿ ಕೊಟ್ಟವು. 500 ಮಿ.ಲೀ. ಆಗುವ ತನಕ ಕಾಯಬೇಡಿ. 300 ದಾಟಿ, ನಾಡಿ ಬಡಿತ ಏರಿದ್ದರೆ ಅಥವಾ ಬಿಪಿ ಇಳಿದಿದ್ದರೆ ಕೂಡಲೇ ಚಿಕಿತ್ಸೆ ಶುರು ಮಾಡಿ ಎನ್ನುತ್ತದೆ ಅದು. ನಮ್ಮ ದೇಶಕ್ಕೆ ಇದು ಇನ್ನೂ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 52 ಮಂದಿಗೆ ರಕ್ತಹೀನತೆ ಇತ್ತು. ಮೊದಲೇ ರಕ್ತ ಕಡಿಮೆ ಇರುವವಳಿಗೆ ಅರ್ಧ ಲೀಟರ್ ಹೋದರೆ ಮಿಕ್ಕುವುದೆಷ್ಟು? ಹಾಗಾದರೆ ಅಂಥವರಿಗೆ ಟ್ರಾನೆಕ್ಸಾಮಿಕ್ ಆಸಿಡ್ ಮುಂಚಿತವಾಗಿಯೇ ಕೊಟ್ಟರೆ? ಇದನ್ನೂ ಪಾಕಿಸ್ತಾನ, ನೈಜೀರಿಯಾ, ಟಾಂಜಾನಿಯಾ, ಜಾಂಬಿಯಾಗಳಲ್ಲಿ ರಕ್ತಹೀನತೆಯಿದ್ದ 15,000 ತಾಯಂದಿರಲ್ಲಿ ನೋಡಿದರು. 2023ರ ಉತ್ತರ: ಉಪಯೋಗವಾಗಲಿಲ್ಲ. ಬಸುರಿನಲ್ಲೇ ಕಬ್ಬಿಣಾಂಶ ಸರಿಮಾಡುವುದಕ್ಕೆ ಅಡ್ಡದಾರಿ ಇಲ್ಲ. ಮಾತ್ರೆಯ ಬದಲು ಡ್ರಿಪ್ ಮೂಲಕ ಕಬ್ಬಿಣಾಂಶ ಕೊಡುವ ದೊಡ್ಡ ಪ್ರಯೋಗವೊಂದು ಕರ್ನಾಟಕ ಮತ್ತು ರಾಜಸ್ಥಾನದಲ್ಲೇ ನಡೆದಿದೆ.

ಇನ್ನೊಂದು ಪ್ರಶ್ನೆ ಅಧಿಕಾರದ್ದು. ಗೆರೆ ದಾಟಿದ್ದನ್ನು ಮೊದಲು ಕಾಣುವುದು ಸಿಸ್ಟರ್. ಇಂಜೆಕ್ಷನ್ ಕೊಡಲು ಆಕೆ ಡಾಕ್ಟರ ಫೋನಿಗೆ ಕಾಯಬೇಕಾದರೆ ಇಡೀ ಏರ್ಪಾಡು ಅಲ್ಲೇ ನಿಲ್ಲುತ್ತದೆ. ಭಾರತ 2018ರಲ್ಲಿ ಸೂಲಗಿತ್ತಿ ಸೇವೆಗೆಂದೇ ಮಾರ್ಗಸೂಚಿ ಹೊರಡಿಸಿ, ನರ್ಸುಗಳಿಗೆ 18 ತಿಂಗಳ ವಿಶೇಷ ತರಬೇತಿ ಕೊಡಲು ಹೊರಟಿದೆ. ಆ ತರಬೇತಿ ಪಡೆದವರಿಗೆ ವಾರ್ಡಿನಲ್ಲಿ ತೀರ್ಮಾನ ತೆಗೆದುಕೊಳ್ಳುವ ಸ್ವಾತಂತ್ರ್ಯವೂ ಸಿಗಬೇಕು. ಇಲ್ಲದಿದ್ದರೆ ಸರ್ಟಿಫಿಕೇಟ್ ಹೆಚ್ಚಿದ್ದಷ್ಟೇ ಬಂತು.

ಇನ್ನು ಸಿಸೇರಿಯನ್. ಇ-ಮೋಟಿವ್ ನಡೆದದ್ದು ಸಹಜ ಹೆರಿಗೆಗಳಲ್ಲಿ. 2019–21ರ ಸಮೀಕ್ಷೆಯ ಹೊತ್ತಿಗೇ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಹೆರಿಗೆ ಸಿಸೇರಿಯನ್ ಆಗಿತ್ತು. ಆಪರೇಷನ್ ಟೇಬಲ್ ಮೇಲೆ ರಕ್ತ ಸಕ್ಷನ್ ಬಾಟಲಿಗೂ ಬಟ್ಟೆಗಳಿಗೂ ಹಂಚಿಹೋಗುತ್ತದೆ, ಗರ್ಭದ ನೀರಿನೊಂದಿಗೆ ಬೆರೆಯುತ್ತದೆ. ಸೊಂಟದ ಕೆಳಗೆ ಹಾಳೆ ಹಾಸಿ ಗೆರೆ ನೋಡುವ ಉಪಾಯ ಅಲ್ಲಿ ನಡೆಯುವುದಿಲ್ಲ. ಬಾಟಲಿಯ ಅಳತೆ ನೋಡಿ, ನೆನೆದ ಬಟ್ಟೆಗಳನ್ನು ತೂಗಿ, ಒಣ ಬಟ್ಟೆಯ ತೂಕ ಕಳೆದು ಲೆಕ್ಕ ಹಾಕಬೇಕು. ಅಷ್ಟು ಪುರುಸೊತ್ತು ಎಷ್ಟು ಆಪರೇಷನ್ ಥಿಯೇಟರುಗಳಲ್ಲಿ ಇದೆ ಅನ್ನುವುದು ಬೇರೆ ಮಾತು.