ಬಿಯರ್ ಕುಡಿದರೆ ಮೂಳೆ ಗಟ್ಟಿ ಎಂಬ ಮಾತು ಎಲ್ಲಿಂದ ಬಂತು?

'ಸ್ವಲ್ಪ ಕುಡಿದರೆ ಮೂಳೆಗೆ ಒಳ್ಳೇದಂತೆ' ಅನ್ನುವವರಿದ್ದಾರೆ. 'ಒಂದು ಹನಿಯೂ ಬೇಡ' ಅನ್ನುವವರೂ ಇದ್ದಾರೆ. ಇಬ್ಬರ ಕೈಯಲ್ಲೂ ಒಂದೊಂದು ಸಂಶೋಧನೆ ಇದೆ.

ಮೊದಮೊದಲು ಇಷ್ಟು ಗೊಂದಲ ಇರಲಿಲ್ಲ. ವಿಪರೀತ ಕುಡಿಯುವವರ ಮೂಳೆ ಚಿಕ್ಕ ವಯಸ್ಸಿಗೇ ಮುದುಕರ ಮೂಳೆಯಂತೆ ಸವೆದಿರುತ್ತದೆ ಎಂದು 1965ರಲ್ಲೇ ಸಂಶೋಧಕ ಪಾಲ್ ಸ್ಯಾವಿಲ್ ಬರೆದಿದ್ದರು. ಆಮೇಲಿನ ದಶಕಗಳಲ್ಲಿ ಕಾರಣವೂ ಸಿಕ್ಕಿತು. ಮೂಳೆ ದಿನಾ ಕರಗುತ್ತದೆ, ದಿನಾ ಕಟ್ಟಿಕೊಳ್ಳುತ್ತದೆ. ಜಾಸ್ತಿ ಕುಡಿದಾಗ ಕಟ್ಟುವ ಜೀವಕೋಶಗಳು ಸೋಲುತ್ತವೆ, ಕರಗುವುದು ಮಾತ್ರ ನಿಲ್ಲುವುದಿಲ್ಲ. ಊಟ ಬಿಡುವುದು, ಆಯ ತಪ್ಪಿ ಬೀಳುವುದು ಇವೆಲ್ಲ ಇದರ ಮೇಲೆ.

ಕಥೆ ತಿರುಗಿದ್ದು ತೊಂಬತ್ತರ ದಶಕದಲ್ಲಿ. ಮಿತವಾಗಿ ಕುಡಿಯುವವರ ಮೂಳೆ ಸಾಂದ್ರತೆ ಕುಡಿಯದವರಿಗಿಂತ ಚೆನ್ನಾಗಿದೆ ಎಂದು, ಅಮೆರಿಕದಲ್ಲಿ ಒಂದು ಊರಿನವರ ಆರೋಗ್ಯವನ್ನು ದಶಕಗಳಿಂದ ಗಮನಿಸುತ್ತಿರುವ ಫ್ರಾಮಿಂಗ್‌ಹ್ಯಾಮ್ ಅಧ್ಯಯನ ಹೇಳಿತು. 2009ರಲ್ಲಿ ಅದರದ್ದೇ ಇನ್ನೊಂದು ವರದಿ ಬಂತು: ದಿನಕ್ಕೆ ಒಂದೆರಡು ಬಿಯರ್ ಕುಡಿಯುವ ಗಂಡಸರ ಸೊಂಟದ ಮೂಳೆ ಗಟ್ಟಿ. ಮರುವರ್ಷ ಕ್ಯಾಲಿಫೋರ್ನಿಯಾದ ಇಬ್ಬರು ವಿಜ್ಞಾನಿಗಳು ನೂರು ಬಗೆಯ ಬಿಯರ್ ತಂದು, ಮೂಳೆಗೆ ಒಳ್ಳೇದು ಎನ್ನಲಾಗುವ ಸಿಲಿಕಾನ್ ಎಂಬ ಖನಿಜ ಎಷ್ಟಿದೆ ಎಂದು ಅಳೆದರು. ಲೀಟರಿಗೆ 6.4ರಿಂದ 56.5 ಮಿಲಿಗ್ರಾಂವರೆಗೆ ಸಿಕ್ಕಿತು. ಅದು ಬರುವುದು ಮುಖ್ಯವಾಗಿ ಬಾರ್ಲಿಯ ಹೊಟ್ಟಿನಿಂದ. ಅವರು ಯಾರ ಮೂಳೆಯನ್ನೂ ಪರೀಕ್ಷೆ ಮಾಡಿರಲಿಲ್ಲ. ಆದರೂ 'ಬಿಯರ್ ಕುಡಿಯಿರಿ, ಮೂಳೆ ಗಟ್ಟಿ ಮಾಡಿಕೊಳ್ಳಿ' ಎಂಬ ಸುದ್ದಿ ಊರೆಲ್ಲ ಸುತ್ತಿತು. ಸಿಲಿಕಾನ್ ಬೇಕಿದ್ದರೆ ಬೀನ್ಸ್ ಪಲ್ಯದಲ್ಲೂ ಇದೆ, ಅಲ್ವಾ?

ಅದೇ 2009ರ ವರದಿಯಲ್ಲಿ ಇನ್ನೊಂದು ಸಾಲಿತ್ತು. ದಿನಕ್ಕೆ ಎರಡು ಪೆಗ್‌ಗಿಂತ ಜಾಸ್ತಿ ವಿಸ್ಕಿ, ರಮ್ ತರಹದ ಮದ್ಯ ಕುಡಿಯುವ ಗಂಡಸರ ಮೂಳೆ ಸಾಂದ್ರತೆ ಕಡಿಮೆ ಇತ್ತು. ನಮ್ಮ ಕಡೆ ಜಾಸ್ತಿ ಖರ್ಚಾಗುವುದು ಇದೇ ಮದ್ಯ. ಆ ಸಾಲು ಮಾತ್ರ ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ.

ಇನ್ನೊಂದು ತೊಡಕು: 'ಕುಡಿಯದವರ' ಗುಂಪಿನಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಇರುತ್ತಾರೆ. ಅವರ ಪಕ್ಕ ನಿಂತರೆ ಮಿತವಾಗಿ ಕುಡಿಯುವವರು ಗಟ್ಟಿಯಾಗಿ ಕಾಣದೆ ಇನ್ನೇನು? 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 'ಸುರಕ್ಷಿತ ಪ್ರಮಾಣವೇ ಇಲ್ಲ' ಎಂದಾಗ ಮುಖ್ಯವಾಗಿ ಕ್ಯಾನ್ಸರ್ ಬಗ್ಗೆ ಹೇಳುತ್ತಿತ್ತು. ಅದನ್ನು ತಂದು ಮೂಳೆ ಜಗಳಕ್ಕೆ ಸೇರಿಸಿದ್ದರಿಂದ ಗೋಜಲು ಇನ್ನಷ್ಟಾಯಿತು.

ಸಾಂದ್ರತೆಯ ಈ ಗದ್ದಲದಲ್ಲಿ ಮರೆಯಾಗಿದ್ದು ಎವಿಎನ್ (ಅವ್ಯಾಸ್ಕ್ಯುಲರ್ ನೆಕ್ರೋಸಿಸ್) ಎಂಬ ಮೂಳೆ ಕಾಯಿಲೆ. ತೊಡೆಮೂಳೆಯ ಮೇಲ್ತುದಿಯ ಚೆಂಡಿನಂಥ ಭಾಗಕ್ಕೆ ರಕ್ತ ಹೋಗದೆ ಅದು ಸಾಯುತ್ತದೆ. ಅತಿಯಾದ ಕುಡಿತ ಮತ್ತು ಸ್ಟೀರಾಯ್ಡ್ ಇದರ ದೊಡ್ಡ ಕಾರಣಗಳು. ಮೂವತ್ತು, ನಲವತ್ತರ ವಯಸ್ಸಿಗೇ ಸೊಂಟದ ಕೀಲು ಬದಲಿಸಬೇಕಾಗಿ ಬರುವುದು ಹೀಗೆ.

ಹಾಗಾದರೆ ಎಷ್ಟು ಕುಡಿದರೆ ಜಾಸ್ತಿ? ಮೂಳೆ ಮುರಿಯುವ ಅಪಾಯ ಅಳೆಯಲು ಡಾಕ್ಟರುಗಳು ಬಳಸುವ ಫ್ರಾಕ್ಸ್ ಲೆಕ್ಕಾಚಾರ 2008ರಲ್ಲಿ ಬಂತು. ದಿನಕ್ಕೆ 3 ಯೂನಿಟ್ ಅಥವಾ ಅದಕ್ಕಿಂತ ಜಾಸ್ತಿಯೇ ಎಂದು ಅದು ಕೇಳುತ್ತದೆ. ಒಂದು ಯೂನಿಟ್ ಎಂದರೆ 8ರಿಂದ 10 ಗ್ರಾಂ ಆಲ್ಕೋಹಾಲ್. ನಮ್ಮಲ್ಲಿ ಸಿಗುವ ವಿಸ್ಕಿಯ ಪೊಟ್ಟಣದ ಮೇಲೆ ಸಾಮಾನ್ಯವಾಗಿ 42.8 ಪರ್ಸೆಂಟ್ ಎಂದಿರುತ್ತದೆ. 90 ಎಂಎಲ್‌ಗೆ ಲೆಕ್ಕ ಹಾಕಿದರೆ ಸುಮಾರು 30 ಗ್ರಾಂ. ದಿನಾ ಸಂಜೆ 'ಒಂದೇ ನೈಂಟಿ' ಹಾಕುವವರು ಫ್ರಾಕ್ಸ್‌ನಲ್ಲಿ 'ಹೌದು' ಎಂದೇ ಗುರುತು ಹಾಕಬೇಕು.