ಚಿಂಪಾಂಜಿಗಳ ನಂಟು: ರಕ್ತವೋ, ಒಡನಾಟವೋ?

ಕಾಡಿನ ಗಂಡು ಚಿಂಪಾಂಜಿಗಳು ಜೊತೆಯಾಗಿ ಗಡಿ ಕಾಯುತ್ತವೆ, ಬೇಟೆಯ ಮಾಂಸ ಹಂಚಿಕೊಳ್ಳುತ್ತವೆ, ಒಂದರ ಮೈಕೂದಲನ್ನು ಇನ್ನೊಂದು ಹೆಕ್ಕುತ್ತಾ ಗಂಟೆಗಟ್ಟಲೆ ಕೂರುತ್ತವೆ. ಇವನ್ನು ಬೆಸೆದಿರುವುದು ರಕ್ತಸಂಬಂಧವೇ? ಅರವತ್ತು ವರ್ಷಗಳಿಂದ ಈ ಪ್ರಶ್ನೆ ಮಗ್ಗುಲು ಬದಲಿಸುತ್ತಲೇ ಇದೆ.

1960ರಲ್ಲಿ ಜೇನ್ ಗುಡಾಲ್ ಚಿಂಪಾಂಜಿಗಳನ್ನು ಅಧ್ಯಯನ ಮಾಡಲು ಪೂರ್ವ ಆಫ್ರಿಕಾದ ತಾಂಗನೀಕಾ ಸರೋವರದ ದಡದ ಗೋಂಬೆ ಕಾಡಿಗೆ ಹೋದರು. ಪ್ರಾಣಿಗಳಿಗೆ ಹೆಸರಿಡುವುದು ವಿಜ್ಞಾನವಲ್ಲ ಎಂಬ ಆಕ್ಷೇಪ ಆಗ ಜೋರಾಗಿತ್ತು. ಆದರೆ ಹೆಸರಿಟ್ಟು ವರ್ಷಗಟ್ಟಲೆ ಹಿಂಬಾಲಿಸಿದ್ದರಿಂದಲೇ ಕುಟುಂಬಗಳು ಕಣ್ಣಿಗೆ ಬಿದ್ದವು. 1972ರಲ್ಲಿ ಮುದಿ ತಾಯಿ ಫ್ಲೋ ಸತ್ತಳು. ಎಂಟು ದಾಟಿದ್ದ ಮಗ ಫ್ಲಿಂಟ್ ಸೊರಗಿ ಒಂದು ತಿಂಗಳೊಳಗೆ ಸತ್ತ. ಮರುವರ್ಷ ಅವಳ ಇನ್ನೊಬ್ಬ ಮಗ ಫಿಗನ್ ಗುಂಪಿನ ಒಡೆಯನಾದ. ಬೆನ್ನಿಗೆ ನಿಂತವನು ಪೋಲಿಯೊದಿಂದ ಒಂದು ಕೈ ಸ್ವಾಧೀನ ಕಳೆದುಕೊಂಡಿದ್ದ ಅಣ್ಣ ಫಾಬೆನ್.

ಇಲ್ಲಿಂದ ಒಂದು ಊಹೆ ಗಟ್ಟಿಯಾಯಿತು. ಹೆಣ್ಣುಗಳು ಪ್ರಾಯಕ್ಕೆ ಬಂದಾಗ ಸಾಮಾನ್ಯವಾಗಿ ತವರಿನ ಗುಂಪು ಬಿಟ್ಟು ಹೋಗುತ್ತವೆ, ಗಂಡುಗಳು ಹುಟ್ಟಿದಲ್ಲೇ ಉಳಿಯುತ್ತವೆ. ಹಾಗಾದರೆ ಜೊತೆಗಿರುವ ಗಂಡುಗಳೆಲ್ಲ ಅಣ್ಣತಮ್ಮಂದಿರೋ ದಾಯಾದಿಗಳೋ ಆಗಿರಲೇಬೇಕು. ನೆಂಟರಿಗೆ ನೆರವಾದರೆ ತನ್ನ ವಂಶವಾಹಿಗಳೇ ಉಳಿಯುತ್ತವೆ ಎಂಬ ಜೀವವಿಜ್ಞಾನಿ ಹ್ಯಾಮಿಲ್ಟನ್ ಅವರ 1964ರ ಸಿದ್ಧಾಂತಕ್ಕೂ ಇದು ಚೆನ್ನಾಗಿ ಹೊಂದುತ್ತಿತ್ತು. ಬಹುಶಃ ತೀರಾ ಚೆನ್ನಾಗಿ.

ಪರೀಕ್ಷಿಸುವ ದಾರಿ ತೆರೆದದ್ದು 1990ರ ದಶಕದಲ್ಲಿ, ಉದುರಿದ ಕೂದಲು ಮತ್ತು ಲದ್ದಿಯಿಂದ ಡಿಎನ್‌ಎ ತೆಗೆಯುವುದು ಸಾಧ್ಯವಾದಾಗ. ಉಗಾಂಡಾದ ಕಿಬಾಲೆ ಕಾಡಿನ ಎನ್‌ಗೋಗೊದಲ್ಲಿ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಒಂದೇ ತಾಯಿಯ ಮಕ್ಕಳು ಪರಸ್ಪರ ಹೆಚ್ಚು ನೆರವಾಗುತ್ತಿದ್ದದ್ದು ನಿಜ. ಆದರೆ ತಂದೆ ಮಾತ್ರ ಒಬ್ಬನೇ ಆಗಿದ್ದ ಗಂಡುಗಳ ನಡುವೆ ಅಂಥ ವಿಶೇಷ ಒಲವು ಕಾಣಲಿಲ್ಲ. ಹೆಣ್ಣು ಹಲವು ಗಂಡುಗಳನ್ನು ಕೂಡುವ ಸಮಾಜದಲ್ಲಿ ತಂದೆ ಯಾರೆಂದು ಗುರುತಿಸುವುದು ಸುಲಭವಲ್ಲ. ತಾಯಿಯ ಮಡಿಲಲ್ಲಿ ಒಟ್ಟಿಗೆ ಬೆಳೆದವರು ಮಾತ್ರ ಒಬ್ಬರಿಗೊಬ್ಬರು ಗೊತ್ತು. ನಮ್ಮ ‘ಒಡಹುಟ್ಟು’ ಎಂಬ ಪದ ಅವುಗಳಿಗೆ ಸಲ್ಲುತ್ತದೆ, ‘ದಾಯಾದಿ’ ಸಲ್ಲುವುದಿಲ್ಲ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ಅಧ್ಯಯನದ ಇನ್ನೊಂದು ಮಾತು: ಅತಿ ಗಾಢವಾಗಿ ಒಡನಾಡುತ್ತಿದ್ದ ಜೋಡಿಗಳಲ್ಲಿ ಹೆಚ್ಚಿನವು ದೂರದ ನೆಂಟರು, ಇಲ್ಲವೇ ನೆಂಟರೇ ಅಲ್ಲ. ರಕ್ತದ ಲೆಕ್ಕದಲ್ಲೇ ಮುಳುಗಿ ಈ ಗೆಳೆತನಗಳನ್ನು ನಾವು ಬಹುಕಾಲ ನೋಡದೇ ಹೋದೆವು.

ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನ ತಾಯ್ ಕಾಡಿನಿಂದ 2010ರಲ್ಲಿ ಇನ್ನೊಂದು ವರದಿ ಬಂತು. ತಬ್ಬಲಿ ಮರಿಗಳನ್ನು ಬೇರೆಯವರು ಸಾಕಿದ 18 ಪ್ರಸಂಗಗಳು ಅದರಲ್ಲಿದ್ದವು. ಸಾಕಿದವರಲ್ಲಿ ಅರ್ಧದಷ್ಟು ಗಂಡುಗಳು. ಅವರ ಪೈಕಿ ಮರಿಯ ತಂದೆ ಎಂದು ರುಜುವಾತಾದವನು ಒಬ್ಬನೇ.